ಮಗಳು ತಂದ ಪ್ರವಾಸದ ಚೀಟಿ



ಶಾಲೆಗಳಲ್ಲಿ ಪ್ರವಾಸದ ಕಾಲ ಬಂದಿದೆ. ಡಿಸೆಂಬರ್ ಹತ್ತಿರವಾದಂತೆ ಹೈಸ್ಕೂಲಿನ ಮಕ್ಕಳು ಒಂದು ಚೀಟಿ ಹಿಡಿದು ಮನೆಗೆ ಬರುತ್ತಾರೆ. ತಂದೆ ಅಥವಾ ತಾಯಿ ಒಪ್ಪಿ ಸಹಿ ಮಾಡಬೇಕು, ಇಷ್ಟು ಹಣ ಕೊಡಬೇಕು ಎಂದು ಅದರಲ್ಲಿರುತ್ತದೆ. ಮಗ ತಂದರೆ ಸ್ವಲ್ಪ ಗೊಣಗಿ ಸಹಿ ಹಾಕುತ್ತೇವೆ. ಮಗಳು ತಂದರೆ ಚೀಟಿ ಟೀವಿಯ ಮೇಲೆಯೇ ಉಳಿಯುತ್ತದೆ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಸ್ಸು ಹೊರಟ ದಿನ ಆ ಹುಡುಗಿ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾಳೆ. ಇವತ್ತಿನ ಮಾತು ಆ ಚೀಟಿಯ ಬಗ್ಗೆ.

ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಅಲ್ಲಾಹನು ಕುರ್‌ಆನಿನಲ್ಲಿ ಹಲವು ಕಡೆ ಹೇಳಿದ್ದಾನೆ. ಅನ್ಕಬೂತ್ ಸೂರಾದ 20ನೇ ಆಯತಿನಲ್ಲಿ ಆ ಸಂಚಾರವನ್ನು ಸೃಷ್ಟಿಯ ಆರಂಭದ ಬಗ್ಗೆ ಯೋಚಿಸುವುದಕ್ಕೆ ಜೋಡಿಸಲಾಗಿದೆ. ಹಜ್ಜ್ ಸೂರಾದ 46ನೇ ಆಯತಿನಲ್ಲಿ ಅದನ್ನು ಹೃದಯದ ತಿಳಿವಳಿಕೆಗೆ ಜೋಡಿಸಲಾಗಿದೆ. ಈ ಮಾತು ಗಂಡುಮಕ್ಕಳಿಗೆ ಮಾತ್ರ ಎಂದು ಯಾವ ಮುಫಸ್ಸಿರರೂ ಬರೆದದ್ದನ್ನು ನಾನು ಓದಿಲ್ಲ.

ನಾವಿರುವ ಜಿಲ್ಲೆಯನ್ನೇ ನೋಡಿ. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲು ಆರಿಸಿದ ಕಾಡುಗಳಲ್ಲಿ ಬಂಡೀಪುರವೂ ಒಂದು. ಅದನ್ನು ನೋಡಲು ಬೆಂಗಳೂರಿನಿಂದ ಜನ ದುಡ್ಡು ಕೊಟ್ಟು ಬರುತ್ತಾರೆ. ಗುಂಡ್ಲುಪೇಟೆಯ ನಮ್ಮ ಹುಡುಗರು ತರಕಾರಿ ಗಾಡಿಯಲ್ಲಿ ಕೇರಳಕ್ಕೆ ಹೋಗುವಾಗ ಅದೇ ಕಾಡನ್ನು ದಾಟುತ್ತಾರೆ. ರಾತ್ರಿ 9ಕ್ಕೆ ಗೇಟ್ ಮುಚ್ಚಿದರೆ ಬೆಳಿಗ್ಗೆ 6ರವರೆಗೆ ಕಾಯಬೇಕು ಎಂದು ಅವರಿಗೆ ಗೊತ್ತು. ಯಾಕೆ ಮುಚ್ಚುತ್ತಾರೆ, ರಾತ್ರಿ ಆ ರಸ್ತೆಯನ್ನು ಯಾವ ಯಾವ ಪ್ರಾಣಿ ದಾಟುತ್ತದೆ ಎಂದು ಅವರ ತಂಗಿಯನ್ನು ಕೇಳಿ. ವಿಜ್ಞಾನದ ಪುಸ್ತಕದಲ್ಲಿ ಆಹಾರ ಸರಪಳಿಯ ಚಿತ್ರ ಬರೆದು ಅಂಕ ತೆಗೆದಿರುತ್ತಾಳೆ, ಕಾಡನ್ನು ನೋಡಿರುವುದಿಲ್ಲ. ಅರಣ್ಯ ಇಲಾಖೆಯವರು ‘ಚಿಣ್ಣರ ವನ ದರ್ಶನ’ ಎಂದು ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ ಕಾರ್ಯಕ್ರಮ ನಡೆಸುತ್ತಾರೆ. ನಿಮ್ಮ ಶಾಲೆಯ ಹೆಡ್‌ಮಾಸ್ಟರರನ್ನು ಅದರ ಬಗ್ಗೆ ವಿಚಾರಿಸಿ.

ಇನ್ನು ಶಿವನಸಮುದ್ರ. ಅಲ್ಲಿಗೆ ನಾವು ಹೋಗಿಲ್ಲವೇ? ಹಜ್ರತ್ ಮರ್ದಾನೆ ಗೈಬ್ ದರ್ಗಾಕ್ಕೆ ಕುಟುಂಬ ಸಮೇತ ಹೋಗುತ್ತೇವೆ, ಬಿರಿಯಾನಿ ಮಾಡುತ್ತೇವೆ, ಗಗನಚುಕ್ಕಿಯ ಮುಂದೆ ನಿಂತು ಫೋಟೋ ತೆಗೆಯುತ್ತೇವೆ, ಮನೆಗೆ ಬರುತ್ತೇವೆ. ಅದೇ ನೀರಿನಿಂದ 1902ರಲ್ಲಿ ವಿದ್ಯುತ್ ತೆಗೆದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯಲ್ಲಿ ಕಳಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಅಬ್ಬಾ ಜೊತೆಗಿದ್ದೂ ಈ ಒಂದು ಮಾತು ಹೇಳದಿದ್ದರೆ ಮಗುವಿಗೆ ಅದು ಬರೀ ಬಿರಿಯಾನಿ ತಿಂದ ಜಾಗ. ನೋಡುವುದಕ್ಕೂ ತೋರಿಸುವವರು ಬೇಕು.

ಮಗಳ ವಿಷಯದಲ್ಲಿ ಮಹ್ರಮ್ ಪ್ರಶ್ನೆ ಬರುತ್ತದೆ. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಮಸ್ಅಲಾ ಪೂರ್ತಿ ಕೇಳಿ. ಹನಫಿ ಫಿಕ್ಹ್‌ನಲ್ಲಿ ಮಹ್ರಮ್ ಇಲ್ಲದೆ ಹೋಗಬಾರದು ಎಂದಿರುವುದು ಮೂರು ದಿನದ ಪ್ರಯಾಣದ ದೂರಕ್ಕೆ. ಉಲಮಾಗಳು ಅದನ್ನು ಇಂದಿನ ಲೆಕ್ಕದಲ್ಲಿ ಸುಮಾರು 77 ಕಿ.ಮೀ. ಎಂದಿದ್ದಾರೆ. ಚಾಮರಾಜನಗರದಿಂದಾಗಲಿ ಗುಂಡ್ಲುಪೇಟೆಯಿಂದಾಗಲಿ ಮೈಸೂರು 60 ಕಿ.ಮೀ. ಆಸುಪಾಸು. ಗುಂಡ್ಲುಪೇಟೆಯಿಂದ ಬಂಡೀಪುರ, ಚಾಮರಾಜನಗರದಿಂದ ಬಿಳಿಗಿರಿರಂಗನ ಬೆಟ್ಟ ಇನ್ನೂ ಹತ್ತಿರ. ಬೆಳಿಗ್ಗೆ ಹೋಗಿ ಮಗ್ರಿಬ್ ಹೊತ್ತಿಗೆ ಬರುವ, ಶಿಕ್ಷಕಿಯರು ಜೊತೆಗಿರುವ ಪ್ರವಾಸಕ್ಕೆ ಈ ಮಸ್ಅಲಾ ಅಡ್ಡ ಬರುವುದಿಲ್ಲ. ಮೂರು ರಾತ್ರಿ ಉಳಿಯುವ ದೂರದ ಪ್ರವಾಸದ ಮಾತು ಬೇರೆ, ಅದಕ್ಕೆ ನಾನೂ ಯೋಚಿಸಿ ಎಂದೇ ಹೇಳುತ್ತೇನೆ. ಶರೀಅತ್ ಇಟ್ಟ ಗೆರೆಯ ಈಚೆ ಇನ್ನೊಂದು ಗೆರೆ ಎಳೆದು ಅದಕ್ಕೂ ದೀನ್ ಎಂದು ಹೆಸರಿಡುವ ಹಕ್ಕು ನಮಗಿಲ್ಲ.

ಪ್ರವಾದಿ(ಸ)ರು ಒಂದು ಪ್ರಯಾಣದಲ್ಲಿ ಆಯಿಶಾ(ರ)ರ ಜೊತೆ ಓಟದ ಪಂದ್ಯ ಕಟ್ಟಿದ್ದನ್ನು ಹದೀಸ್‌ನಲ್ಲಿ ಓದುತ್ತೇವೆ. ಅಬಿಸೀನಿಯಾದವರು ಮಸೀದಿಯಲ್ಲಿ ಈಟಿಯಾಟ ಆಡುವಾಗ ಅವರಿಗೆ ಸಾಕೆನಿಸುವವರೆಗೆ ನಿಂತು ತೋರಿಸಿದ್ದನ್ನೂ ಓದುತ್ತೇವೆ. ನಮ್ಮ ಕರ್ನಾಟಕದ ಮಾತೂ ಒಂದಿದೆ. 14ನೇ ಶತಮಾನದಲ್ಲಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಾಗ ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದವೆಂದೂ ಅಲ್ಲಿನ ಹೆಂಗಸರು ಹಾಫಿಜ್‌ಗಳೆಂದೂ ಬರೆದಿಟ್ಟಿದ್ದಾನೆ. ಹೆಣ್ಣುಮಕ್ಕಳಿಗೆ ಇಷ್ಟೆಲ್ಲ ಯಾಕೆ ಎನ್ನುವ ಹಿರಿಯರು ಇದನ್ನು ನೆನಪಿಡಲಿ.

ಭಯದ ಮಾತು ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ಬಂದ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಆ ತಾಯಂದಿರ ಸಂಕಟ ಅಲ್ಲಾಹನಿಗೇ ಗೊತ್ತು. ಒಂಟೆಯನ್ನು ಕಟ್ಟಿ ಆಮೇಲೆ ತವಕ್ಕುಲ್ ಮಾಡಲು ಪ್ರವಾದಿ(ಸ)ರು ಕಲಿಸಿದ್ದಾರೆ. ಹಾಗಾಗಿ ಸಹಿ ಹಾಕುವ ಮೊದಲು ಶಾಲೆಗೆ ಹೋಗಿ ಕೇಳಿ: ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಶಿಕ್ಷಕಿಯರು ಎಷ್ಟು, ನೀರಿನ ಹತ್ತಿರ ಇಳಿಸುತ್ತೀರಾ, ಡ್ರೈವರ್ ಹಿಂದಿನ ರಾತ್ರಿ ಮಲಗಿದ್ದಾನಾ. ಕೇಳುವ ತಂದೆಯ ಮೇಲೆ ಶಿಕ್ಷಕರು ಕೋಪ ಮಾಡಿಕೊಳ್ಳುವುದಿಲ್ಲ. ಉತ್ತರ ಸರಿಯಿಲ್ಲದಿದ್ದರೆ ಕಳಿಸಬೇಡಿ, ಮಗನನ್ನೂ ಕಳಿಸಬೇಡಿ.

ಪ್ರವಾಸದಲ್ಲಿ ದೇವಸ್ಥಾನ ಇದೆ ಎಂದು ಚೀಟಿ ವಾಪಸು ಕೊಟ್ಟವರೂ ಇದ್ದಾರೆ. ಸೋಮನಾಥಪುರದ ಹೊಯ್ಸಳ ಕಟ್ಟಡ ಸಮಾಜ ವಿಜ್ಞಾನದ ಪಾಠ. 2023ರಲ್ಲಿ ಅದು ಯುನೆಸ್ಕೋ ಪಟ್ಟಿಗೂ ಸೇರಿತು. ಮಗು ಅಲ್ಲಿ ಕಲ್ಲಿನ ಕೆಲಸ ನೋಡಲು ಹೋಗುತ್ತದೆ, ಇಬಾದತ್‌ಗೆ ಅಲ್ಲ. ಆ ವ್ಯತ್ಯಾಸ ನಿಮ್ಮ ಮಗುವಿಗೆ ಗೊತ್ತಿದೆ. ಶ್ರೀರಂಗಪಟ್ಟಣದ ಗುಂಬಜ್‌ಗೆ ಅದೇ ಬಸ್ಸಿನಲ್ಲಿ ಅವಳ ಹಿಂದೂ ಗೆಳತಿಯರು ಬರುತ್ತಾರಲ್ಲ, ಅವರೂ ನೋಡಿಕೊಂಡು ಹೋಗುತ್ತಾರೆ.

ಕೊನೆಗೆ ಹಣ. ಕೂಲಿ ಮಾಡುವ ಮನೆಯಲ್ಲಿ ಪ್ರವಾಸದ ಹಣ ವಾರದ ರೇಷನ್ನಿನ ಹಣ. ಇದು ಜಮಾತಿನ ಕೆಲಸ. ಒಂದು ವಲೀಮಾದಲ್ಲಿ ಒಂದು ಬಗೆ ಸಿಹಿ ಕಡಿಮೆ ಮಾಡಿದರೆ ಒಂದು ಬಸ್ಸಿನ ಬಾಡಿಗೆ ಬರುತ್ತದೋ ಇಲ್ಲವೋ, ಲೆಕ್ಕ ಹಾಕಿ ನೋಡಿ. ಒಂದು ಎಚ್ಚರ: ಬಸ್ಸಿನ ಬಾಡಿಗೆಗೆ ಝಕಾತ್ ಹಣ ಕೊಡಬೇಡಿ. ಝಕಾತ್ ಹಕ್ಕುದಾರನ ಕೈಗೆ ಅವನ ಒಡೆತನವಾಗಿಯೇ ಸೇರಬೇಕು. ಇದಕ್ಕೆ ಸದಕಾ ಕೊಡಿ, ಹೆಸರು ಹೇಳದೆ ಕೊಡಿ. ಯಾವ ಮಗುವಿನ ಹಣ ಯಾರು ಕಟ್ಟಿದರು ಎಂದು ಬಸ್ಸಿನಲ್ಲಿ ಯಾರಿಗೂ ತಿಳಿಯಬಾರದು.

ಮುತವಲ್ಲಿ ಸಾಹೇಬರ ಜೊತೆ ಮಾತಾಡಿದ್ದೇನೆ. ಶಾಲೆಯ ಪ್ರವಾಸ ತಪ್ಪಿದ ಮಕ್ಕಳಿಗಾಗಿ ಜಮಾತಿನಿಂದಲೇ ಒಂದು ಭಾನುವಾರ ಮೈಸೂರಿಗೆ ಹೋಗೋಣ ಎಂದಿದೆ: ಕಾರಂಜಿ ಕೆರೆಯ ಹತ್ತಿರದ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ, ಆಮೇಲೆ ರೈಲ್ವೆ ಮ್ಯೂಸಿಯಂ, ನಡುವೆ ಜುಹರ್ ನಮಾಜ್. ಎಂಟರಿಂದ ಹತ್ತನೇ ತರಗತಿಯ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಬಸ್ಸು. ಹುಡುಗಿಯರ ಬಸ್ಸಿಗೆ ನಾಲ್ವರು ತಾಯಂದಿರು ಬೇಕು. ಬರಲು ಒಪ್ಪುವವರ ಹೆಸರನ್ನು ಇವತ್ತು ಅಸರ್ ನಂತರ ಮುಅಝ್ಝಿನ್ ಸಾಹೇಬರ ಬಳಿ ಬರೆಸಿ.