ಮೈಬಲದ ಲೆಕ್ಕ



‘ಶಕ್ತಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಈಗ ನಮ್ಮ ಕಣ್ಣ ಮುಂದೆ ನಿಲ್ಲುವುವು ಅಣೆಕಟ್ಟು, ಕಲ್ಲಿದ್ದಲು, ಗಾಳಿಯಂತ್ರ, ಬಿಸಿಲಿಗೆ ಮುಖವೊಡ್ಡಿದ ಸೌರಫಲಕ. ಹೊಗೆಯಿಲ್ಲದ, ಗಾಳಿಯನ್ನು ಕೆಡಿಸದ ಶಕ್ತಿ ಬೇಕೆಂದು ಲೋಕವೆಲ್ಲ ಹುಡುಕುತ್ತಿದೆ. ಹುಡುಕುವವರ ತೋಳಿನಲ್ಲಿ, ತೊಡೆಯಲ್ಲಿ ಅಂಥದೊಂದು ಶಕ್ತಿ ಹುಟ್ಟಿನಿಂದಲೇ ಇರುವುದು ಮಾತ್ರ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನಮ್ಮ ನುಡಿ ಅದನ್ನು ಮರೆತಿಲ್ಲ. ‘ಕಾಯ’ವೆಂದರೆ ಮೈ, ಮೈಯಿಂದ ಮಾಡುವ ದುಡಿಮೆಯನ್ನು ‘ಕಾಯಕ’ವೆಂದು ಕರೆದು ಶರಣರು ಅದನ್ನು ಪೂಜೆಯ ಮಟ್ಟಕ್ಕೆ ಏರಿಸಿದರು. ರಟ್ಟೆ ಮುರಿದು ದುಡಿದವನು ಎಂಬುದು ಇಂದಿಗೂ ನಮ್ಮಲ್ಲಿ ಗೌರವದ ಮಾತೇ. ಆದರೆ ಗೌರವ ಬೇರೆ, ಲೆಕ್ಕ ಬೇರೆ. ಈ ಮೈಬಲ ಎಷ್ಟು, ಅದರಿಂದ ಏನಾದೀತು, ಏನಾಗದು ಎಂಬುದನ್ನು ಈ ಹೊತ್ತು ಕೊಂಚ ಎಣಿಸಿ ನೋಡೋಣ.

ಆರೋಗ್ಯವಂತನಾದ ಆಳು ದಿನಕ್ಕೆ ಎಂಟು ಗಂಟೆ ಎಡೆಬಿಡದೆ ಕೆಲಸ ಮಾಡಬೇಕಾದರೆ ಅವನಿಂದ ದೊರೆಯುವ ಬಲ ಸುಮಾರು 75 ವಾಟ್. ಒಂದು ಅಶ್ವಶಕ್ತಿಯೆಂದರೆ 746 ವಾಟ್. ಆದುದರಿಂದ ಹತ್ತು ಆಳು ಸೇರಿದರೆ ಒಂದು ಅಶ್ವಶಕ್ತಿ. ನಮ್ಮ ಅಡಿಗೆಮನೆಯ 750 ವಾಟಿನ ಮಿಕ್ಸಿ ತಿರುಗಬೇಕಾದರೆ, ಹತ್ತು ಮಂದಿ ಸಾಲಾಗಿ ಕುಳಿತು ಪೆಡಲು ತುಳಿಯಬೇಕು! ಒಬ್ಬನೇ ದಿನವೆಲ್ಲ ತುಳಿದು ವಿದ್ಯುತ್ತನ್ನು ಉತ್ಪಾದಿಸಿದನೆನ್ನಿ, ಎಂಟು ಗಂಟೆಗೆ 600 ವಾಟ್-ಗಂಟೆ. ಅಂದರೆ ಮುಕ್ಕಾಲು ಯೂನಿಟ್ಟೂ ಇಲ್ಲ. ಅದನ್ನು ಮಾರಿದರೆ ಹೋಟೆಲಿನ ಒಂದು ಲೋಟ ಕಾಫಿಯ ಬೆಲೆ ಹುಟ್ಟದು.

ಇಷ್ಟೇ ಅಲ್ಲ. ಈ ಎಂಜಿನ್ನಿಗೂ ಉರುವಲು ಬೇಕು. ಉಂಡ ಅನ್ನದ ಸತ್ತ್ವದಲ್ಲಿ ಸುಮಾರು ಕಾಲುಭಾಗವನ್ನಷ್ಟೇ ನಮ್ಮ ಸ್ನಾಯುಗಳು ಕೆಲಸವಾಗಿ ಮಾರ್ಪಡಿಸಬಲ್ಲವು. ಮಿಕ್ಕುದು ಬಿಸಿಯಾಗಿ, ಬೆವರಾಗಿ ಹೋಗುತ್ತದೆ. ಆ 600 ವಾಟ್-ಗಂಟೆಗೆ ದಿನದ ಊಟದ ಮೇಲೆ ಹೆಚ್ಚಾಗಿ ಸುಮಾರು 600 ಗ್ರಾಂ ಅಕ್ಕಿ ಬೇಕಾಗುತ್ತದೆ. ಆದಕಾರಣ ಮನುಷ್ಯರನ್ನು ಕೂಡಿಸಿ ಕರೆಂಟು ತೆಗೆಯುತ್ತೇವೆಂಬುದು ಜಾಣತನದ ಮಾತಾಗದು. ಆ ಕೆಲಸವನ್ನು ಸೂರ್ಯನಿಗೂ ಗಾಳಿಗೂ ಬಿಡುವುದೇ ಲೇಸು.

ಹಾಗಾದರೆ ಮೈಬಲದಿಂದ ಪ್ರಯೋಜನವಿಲ್ಲವೆ? ಉಂಟು, ಅದನ್ನು ವಿದ್ಯುತ್ತಾಗಿ ಮಾರ್ಪಡಿಸದೆ ನೇರವಾಗಿ ಕೆಲಸಕ್ಕೆ ಹಚ್ಚಬೇಕು, ಯುಕ್ತಿಯಿಂದ ಹಚ್ಚಬೇಕು. ನಮ್ಮ ಹಿಂದಿನವರು ಬಾವಿಯ ಬಳಿ ನೆಟ್ಟ ಏತವನ್ನು ನೆನೆಯಿರಿ. ಕಂಬದ ಮೇಲೆ ಉದ್ದನೆಯ ತೊಲೆ; ಅದರ ಒಂದು ತುದಿಗೆ ನೀರೆತ್ತುವ ಪಾತ್ರೆ; ತೊಲೆಯ ಮೇಲೆ ಒಬ್ಬಾತ ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಅವನ ತೋಳು ಹಗ್ಗ ಜಗ್ಗುವುದಿಲ್ಲ. ಅವನ ಮೈತೂಕವೇ ನೀರನ್ನು ಮೇಲಕ್ಕೆ ತರುತ್ತದೆ. ಕಾಲಿನ ಬಲ ತೋಳಿನ ಬಲಕ್ಕಿಂತ ಹೆಚ್ಚು ಎಂಬ ಯಂತ್ರಶಾಸ್ತ್ರದ ಪಾಠವನ್ನು ಓದುಬರಹವಿಲ್ಲದ ಒಕ್ಕಲಿಗ ತಿಳಿದಿದ್ದ. ಕಾಲು ಜಾರಿದರೆ ಬಾವಿಗೆ ಬೀಳುವ ಅಪಾಯ ಅದರಲ್ಲಿತ್ತೆಂಬುದೂ ನಿಜ.

1980ರ ಆಸುಪಾಸಿನಲ್ಲಿ ಬಾಂಗ್ಲಾದೇಶದ ರಂಗಪುರದ ಕಡೆ ಗುನ್ನಾರ್ ಬಾರ್ನೆಸ್ ಎಂಬ ನಾರ್ವೆಯ ಎಂಜಿನಿಯರು ಇದೇ ತತ್ತ್ವವನ್ನು ಹಿಡಿದು ತುಳಿಯುವ ಪಂಪೊಂದನ್ನು ರೂಪಿಸಿದರು. ಎರಡು ಬಿದಿರಿನ ಗಳು, ಎರಡು ಕೊಳವೆ. ಮೇಲೆ ನಿಂತು ಒಂದೊಂದೇ ಕಾಲಿನಿಂದ ತುಳಿದರೆ ನೀರು ಒಂದೇ ಸಮನೆ ಹರಿಯುತ್ತದೆ. ಡೀಸೆಲ್ ಎಂಜಿನ್ನನ್ನು ಕೊಳ್ಳಲಾರದ ಸಣ್ಣ ರೈತರು ಆ ನಾಡಿನಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಇಂಥ ಪಂಪುಗಳನ್ನು ಕೊಂಡು, ಬೇಸಗೆಯಲ್ಲಿಯೂ ತರಕಾರಿ ಬೆಳೆದರು.

ಯುಕ್ತಿಗೆ ಇನ್ನೊಂದು ನಿದರ್ಶನ ಸೈಕಲ್ಲು. ನಡೆಯುವವನು ಗಂಟೆಗೆ ಐದು ಕಿಲೋಮೀಟರ್ ಹೋದಾನು. ಹೆಚ್ಚುಕಡಿಮೆ ಅಷ್ಟೇ ಆಯಾಸದಿಂದ ಸೈಕಲ್ಲಿನವನು ಹದಿನೈದು ಹೋಗುತ್ತಾನೆ. ಮೈಬಲ ಹೆಚ್ಚಲಿಲ್ಲ, ದಾರಿ ಮೂರುಪಟ್ಟಾಯಿತು. ನಮ್ಮ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿ ಹಲವು ವರ್ಷ ನಡೆಸಿತು. ಪ್ರೌಢಶಾಲೆಯ ಮೇಷ್ಟರಾದ ನಮಗೆ ಅದರ ಫಲ ಹಾಜರಿ ಪುಸ್ತಕದಲ್ಲಿಯೇ ಕಾಣುತ್ತಿತ್ತು. ಬಸ್ಸಿಲ್ಲದ ಹಳ್ಳಿಯ ಹೆಣ್ಣುಮಕ್ಕಳು ಮೊದಲನೆಯ ಗಂಟೆಗೇ ಬಂದು ಕೂರತೊಡಗಿದರು. ಬಿಹಾರದಲ್ಲಿಯೂ 2006ರಲ್ಲಿ ಹೆಣ್ಣುಮಕ್ಕಳಿಗಾಗಿ ಇಂಥ ಯೋಜನೆ ಆರಂಭವಾಯಿತು. ಅದನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರು, ಪ್ರೌಢಶಾಲೆಗೆ ಸೇರುವ ಹುಡುಗಿಯರ ಸಂಖ್ಯೆ ನೂರಕ್ಕೆ ಮೂವತ್ತರಷ್ಟು ಏರಿತೆಂದೂ, ಶಾಲೆ ದೂರವಿದ್ದ ಊರುಗಳಲ್ಲಿಯೇ ಈ ಲಾಭ ಹೆಚ್ಚೆಂದೂ ಕಂಡುಕೊಂಡರು. ಹದಿಮೂರು ವರ್ಷದ ಹುಡುಗಿಯ ಕಾಲಿನಲ್ಲಿದ್ದ ಬಲ ಆಕೆಯ ವಿದ್ಯೆಯಾಗಿ ಪರಿಣಮಿಸಿತು.

ಯುಕ್ತಿಯೊಂದಿದ್ದರೆ ಸಾಲದು; ಸಾಮೀಪ್ಯವೂ ಬೇಕು. ಇದಕ್ಕೆ ನೀರಿನ ಲೆಕ್ಕವನ್ನೇ ನೋಡಿ. ಹದಿನೈದು ಲೀಟರು ಹಿಡಿಯುವ ಒಂದು ಕೊಡ. ನೀರು ನಾಲ್ಕು ಮೀಟರ್ ಕೆಳಗಿದ್ದರೆ, ಘರ್ಷಣೆಯ ನಷ್ಟವನ್ನು ಬಿಟ್ಟು ಎಣಿಸಿದಾಗ, ನಮ್ಮ 75 ವಾಟಿನ ಆಳು ಎಂಟು ಸೆಕೆಂಡಿನಲ್ಲಿ ಅದನ್ನು ತುಂಬಿಸಬಲ್ಲ. ನಲವತ್ತು ಮೀಟರ್ ಆಳದಿಂದಾದರೆ ಎಂಬತ್ತು ಸೆಕೆಂಡು. ಅಷ್ಟು ಆಳಕ್ಕೆಂದೇ 1970ರ ದಶಕದಲ್ಲಿ ಭಾರತ ಸರ್ಕಾರವೂ ಯೂನಿಸೆಫ್ ಸಂಸ್ಥೆಯೂ ಸೇರಿ ‘ಇಂಡಿಯಾ ಮಾರ್ಕ್ 2’ ಎಂಬ ಕೈಪಂಪನ್ನು ಸಿದ್ಧಪಡಿಸಿದುವು. ನಮ್ಮ ಹಳ್ಳಿಗಳಲ್ಲಿ ಬೋರಿಂಗ್ ಎಂದು ಕರೆಯುವುದು ಅದನ್ನೇ. ಈಗ ಕೋಲಾರದ ಸೀಮೆಯಲ್ಲಿ ಸಾವಿರ ಅಡಿ ಕೊರೆದ ಕೊಳವೆಬಾವಿಗಳಿವೆ. ಆ ಆಳದಿಂದ ಒಂದೇ ಒಂದು ಕೊಡ ನೀರೆತ್ತಲು ಅದೇ ಆಳು ಹತ್ತು ನಿಮಿಷ ಶ್ರಮಿಸಬೇಕು. ಒಂದು ಮನೆಯ ಹತ್ತು ಕೊಡಕ್ಕೆ ನೂರು ನಿಮಿಷ. ಅಲ್ಲಿ ಕೈಪಂಪಿಗೆ ಕೆಲಸವಿಲ್ಲ. ತೋಳಿನ ಬಲ ಅಂದಿಗೂ ಅಷ್ಟೇ, ಇಂದಿಗೂ ಅಷ್ಟೇ. ನೀರನ್ನು ನಮ್ಮ ಕೈಗೆಟುಕದಷ್ಟು ಕೆಳಕ್ಕೆ ನೂಕಿದವರು ನಾವು. ಕೆರೆಯ ಹೂಳೆತ್ತಿ ಮಳೆಯ ನೀರನ್ನು ಇಂಗಿಸುವುದೂ ಮೈಬಲವನ್ನು ಉಳಿಸಿಕೊಳ್ಳುವ ಮಾರ್ಗವೇ. ಮನೆಗೆ ಹತ್ತಿರ ಶಾಲೆ, ಬೀದಿಯ ತಿರುವಿನಲ್ಲಿ ದಿನಸಿ ಅಂಗಡಿ, ನಡೆಯಲು ನೆರಳಿರುವ ಕಾಲುದಾರಿ, ಇವೆಲ್ಲಕ್ಕೂ ಇದೇ ನ್ಯಾಯ. ದೂರ ಹೆಚ್ಚಿದಂತೆಲ್ಲ ನಮ್ಮ ಕಾಲು ಸೋಲುತ್ತದೆ, ಪೆಟ್ರೋಲು ಗೆಲ್ಲುತ್ತದೆ.

ಕೊನೆಯದಾಗಿ ಒಂದು ಮಾತು, ಇದೇ ಮುಖ್ಯವಾದುದು. ಮೈಬಲವನ್ನು ಹೊಗಳುವ ಮುಂಚೆ ಅದು ಯಾರ ಮೈ ಎಂದು ಕೇಳಬೇಕು. ಬೀಸುವ ಕಲ್ಲಿನ ಪದಗಳು ಎಷ್ಟು ಇಂಪಾದವೆಂದು ನಾವು ಪಂಡಿತರು ತರಗತಿಯಲ್ಲಿ ವರ್ಣಿಸುತ್ತೇವೆ. ಆ ಪದಗಳು ಹುಟ್ಟಿದ್ದು ಕೋಳಿ ಕೂಗುವ ಮೊದಲೇ ಎದ್ದು ಮನೆಮಂದಿಗೆಲ್ಲ ಹಿಟ್ಟು ಬೀಸುತ್ತಿದ್ದ ಹೆಂಗಸಿನ ರಟ್ಟೆಯ ನೋವಿನಲ್ಲಿ. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆಕೆ ಹಾಡನ್ನು ಕಳೆದುಕೊಂಡಿರಬಹುದು, ಒಂದು ಗಳಿಗೆಯ ನಿದ್ದೆಯನ್ನು ಗಳಿಸಿಕೊಂಡಳು. ಅದನ್ನು ಆಕೆಯಿಂದ ಮರಳಿ ಕಸಿದುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಕಲ್ಕತ್ತದ ಬೀದಿಗಳಲ್ಲಿ ಮನುಷ್ಯನನ್ನು ಮನುಷ್ಯ ಎಳೆಯುವ ರಿಕ್ಷಾಗಳಿಗೂ ಹೊಗೆಯಿಲ್ಲ. ಆದರೂ 2006ರಲ್ಲಿ ಅಲ್ಲಿಯ ವಿಧಾನಸಭೆ ಅವನ್ನು ನಿಲ್ಲಿಸಲು ಶಾಸನ ಮಾಡಿತು. ಹೊಗೆ ಇಲ್ಲದ ಮಾತ್ರಕ್ಕೆ ಒಂದು ಕೆಲಸ ನಿರ್ಮಲವಾಗದು. ಬಡವನ ಬೆವರನ್ನು ಅಗ್ಗವಾಗಿ ಕೊಂಡು, ಪ್ರಕೃತಿಯನ್ನು ಉಳಿಸಿದೆವೆಂದು ಹೇಳಿಕೊಳ್ಳುವುದು ಆತ್ಮವಂಚನೆ.

ಅಳತೆಗೋಲು ಸರಳವಾಗಿದೆ. ದುಡಿಯುವ ಮೈ ಯಾರದೋ ಫಲವೂ ಅವರದೇ ಆಗಿರಲಿ. ನನ್ನ ಮಹಡಿಯನ್ನು ನಾನೇ ಹತ್ತುವುದು, ನನ್ನ ಬಟ್ಟೆಯನ್ನು ನಾನೇ ಹಿಂಡುವುದು, ಎರಡು ಮೈಲಿಯ ಕೆಲಸಕ್ಕೆ ಸೈಕಲ್ ಹಿಡಿಯುವುದು, ಹಿತ್ತಲ ಮಡಿಗೆ ಸೇದಿ ನೀರು ಹಾಕುವುದು, ಇವು ನನ್ನ ಪಾಲಿನವು. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಮೈಬಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳನ್ನು ಕಾಸು ಕೊಟ್ಟು, ನಿಂತಲ್ಲೇ ನಿಂತ ಸೈಕಲ್ ತುಳಿದು ಕಳೆಯುವ ಬದಲು ಮನೆಯ ಕೆಲಸದಲ್ಲಿ ಕಳೆಯಬಹುದಲ್ಲ. ಆ ಕೆಲಸವೂ ಮನೆಯ ಹೆಣ್ಣುಮಕ್ಕಳ ತಲೆಗೇ ಬೀಳದೆ, ಗಂಡಸರೂ ಹುಡುಗರೂ ಹಂಚಿಕೊಂಡದ್ದಾಗಿರಬೇಕು. ಇದರಿಂದ ಉಳಿಯುವ ವಿದ್ಯುತ್ತು ಅಲ್ಪವೇ. ಒಂದು ಮಹಡಿ ಹತ್ತಿದರೆ ಉಳಿಯುವುದು ಅರ್ಧ ವಾಟ್-ಗಂಟೆ, ಅಷ್ಟೇ. ಆದರೆ ತನ್ನ ಮೈಯ ಬಲ ಎಷ್ಟೆಂದು ಬಲ್ಲವನು ಗುಂಡಿ ಒತ್ತಿದೊಡನೆ ಬರುವ ಬಲದ ಬೆಲೆಯನ್ನೂ ಬಲ್ಲ. ಅದನ್ನು ಪೋಲು ಮಾಡಲು ಅವನ ಕೈ ಹಿಂಜರಿಯುತ್ತದೆ. ಇನ್ನೊಬ್ಬರ ಬೆವರಿಗೆ ಬೆಲೆ ಕಟ್ಟುವಾಗ ಅವನ ಮನಸ್ಸೂ ಜಿಪುಣವಾಗದು.