ಗಂಡು ಸಿಗುವವರೆಗೆ



ಬೋರ್ನಿಯೋದ ಮಳೆಕಾಡಿನಲ್ಲಿ, ಉರುಳಿಬಿದ್ದು ಕೊಳೆತ ದಿಮ್ಮಿಯ ಮೇಲೆ ಒಂದು ಹುಳು ತೆವಳುತ್ತಿರುತ್ತದೆ. ಉದ್ದ ಹೆಚ್ಚುಕಡಿಮೆ ನಮ್ಮ ಕಿರುಬೆರಳಿನಷ್ಟು. ಬೆನ್ನ ತುಂಬ ಗುರಾಣಿಯಂಥ ಪದರಗಳು. ತಲೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಚಿಕ್ಕದು. ಮುಟ್ಟಿದರೆ ಆಮೆಯ ಹಾಗೆ ಒಳಗೆಳೆದುಕೊಳ್ಳುತ್ತದೆ. ಸುಮಾರು 25 ಕೋಟಿ ವರ್ಷಗಳ ಹಿಂದೆ ಕಡಲಿನಲ್ಲಿ ಅಳಿದುಹೋದ ಟ್ರೈಲೊಬೈಟ್‌ಗಳ ಹೋಲಿಕೆ ಇರುವುದರಿಂದ ಇದನ್ನು ಟ್ರೈಲೊಬೈಟ್ ಜೀರುಂಡೆ ಎನ್ನುತ್ತಾರೆ. ಸೇರಿದ್ದು ಮಾತ್ರ ಬಲೆರೆಕ್ಕೆಯ ಜೀರುಂಡೆಗಳ ಬಳಗಕ್ಕೆ. ಆ ಬಳಗದ ಕೀಟಗಳ ಮೇಲ್ರೆಕ್ಕೆಯಲ್ಲಿ ಉದ್ದಗೆರೆ, ಅಡ್ಡಗೆರೆಗಳು ಸೇರಿ ಮೀನುಬಲೆಯಂತೆ ಕಾಣುತ್ತವೆ. ನಮ್ಮ ಹುಳುವಿಗೋ, ರೆಕ್ಕೆಯೇ ಇಲ್ಲ!

1831ರಲ್ಲಿ ಜರ್ಮನಿಯ ಮ್ಯಾಕ್ಸಿಮಿಲಿಯನ್ ಪರ್ಟಿ ಇಂಥ ಹುಳುವಿನ ಬಗ್ಗೆ ಬರೆದರು. ಯಾವ ಜೀರುಂಡೆಯ ಮರಿ ಇದು? ಉತ್ತರ ಸಿಗಲಿಲ್ಲ. 'ಪರ್ಟಿಯ ಲಾರ್ವಾ' ಎಂಬ ಹೆಸರಷ್ಟೇ ಉಳಿಯಿತು. ಇಂಥ ಜೀರುಂಡೆಯ ಪ್ರಭೇದವನ್ನು ವರ್ಣಿಸಲು ಸಾಮಾನ್ಯವಾಗಿ ಪೂರ್ತಿ ಬೆಳೆದ ಕೀಟ ಬೇಕು, ಅದರಲ್ಲೂ ಗಂಡು. ಒಣಗಿದ ಗಂಡನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ, ಹೊಟ್ಟೆಯ ತುದಿ ಬಿಡಿಸಿ, ಎಳ್ಳುಕಾಳಿಗಿಂತಲೂ ಚಿಕ್ಕದಾದ ಜನನಾಂಗವನ್ನು ಗ್ಲಿಸರಿನ್ ಹನಿಯಲ್ಲಿ ಹೊರಳಿಸಿ ಸೂಕ್ಷ್ಮದರ್ಶಕದಡಿ ಚಿತ್ರ ಬರೆಯುತ್ತಾರೆ. ಹೊರಗೆ ಒಂದೇ ರೀತಿ ಕಾಣುವ ಎರಡು ಜೀರುಂಡೆಗಳು ಎಷ್ಟೋ ಸಲ ಅಲ್ಲಿ ಬೇರೆಯಾಗುತ್ತವೆ. ಆಮೇಲೆ ಆ ಒಂದು ಕೀಟಕ್ಕೆ ಕೆಂಪು ಚೀಟಿ ಚುಚ್ಚುತ್ತಾರೆ; ಅದೇ ಹೋಲೊಟೈಪ್, ಹೆಸರಿಗೆ ಸಾಕ್ಷಿ.

ಪರ್ಟಿಯ ಹುಳುವಿಗೆ ಈ ಸಾಕ್ಷಿ ಸಿಗಲು 94 ವರ್ಷ ಬೇಕಾಯಿತು. ಸರವಾಕ್ ಮ್ಯೂಸಿಯಮ್ಮಿನಲ್ಲಿದ್ದ ಸ್ವೀಡನ್ನಿನ ಎರಿಕ್ ಮ್ಯೋಬರ್ಗ್ 1925ರಲ್ಲಿ ಒಗಟು ಬಿಡಿಸಿದರು. ಅದು ಮರಿಯೇ ಅಲ್ಲ, ವಯಸ್ಸಿಗೆ ಬಂದ ಹೆಣ್ಣು! ಜೀವಮಾನವಿಡೀ ಮರಿಯ ರೂಪದಲ್ಲೇ ಇದ್ದು ಮೊಟ್ಟೆಯಿಡುತ್ತದೆ. ಗಂಡು ಮಾತ್ರ ರೆಕ್ಕೆ ಬಂದು ಸಾಮಾನ್ಯ ಜೀರುಂಡೆಯಾಗುತ್ತದೆ, ಒಂದು ಸೆಂಟಿಮೀಟರಿಗೂ ಕಡಿಮೆ ಉದ್ದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಜಾತಿ ಎಂದು ಯಾರು ತಾನೇ ನಂಬಿಯಾರು? ಮ್ಯೋಬರ್ಗ್ ಈ ಕುಲಕ್ಕೆ ಡುಲಿಟಿಕೋಲ ಎಂದು ಹೆಸರಿಟ್ಟರು. ಆದರೆ ಫ್ರಾನ್ಸಿನ ಮೌರೀಸ್ ಪಿಕ್ 1921ರಲ್ಲೇ ಪ್ಲಾಟೆರೊಡ್ರೈಲಸ್ ಎಂಬ ಕುಲವನ್ನು ಹೆಸರಿಸಿದ್ದರು. ಎರಡೂ ಒಂದೇ ಮನೆಯವು ಎಂಬುದು ಇತ್ಯರ್ಥವಾಗಲು ಬಹುಕಾಲ ಹಿಡಿಯಿತು.

1996ರಲ್ಲಿ ಆಲ್ವಿನ್ ವಾಂಗ್ ಮಲೇಷ್ಯಾ ಪರ್ಯಾಯದ್ವೀಪ ಮತ್ತು ಸಿಂಗಾಪುರದಿಂದ ಹೊಸ ಪ್ರಭೇದವೊಂದನ್ನು ವರ್ಣಿಸಿದರು. ಮುಂದಿನ ದಾರಿ ತೆರೆದದ್ದು ಡಿಎನ್ಎ. ಕಾಡಿನಲ್ಲಿ ಸಿಕ್ಕ ಹೆಣ್ಣು ಯಾವ ಗಂಡಿನ ಜೋಡಿ ಎಂದು ತಿಳಿಯಲು ಅವು ಕೂಡುವ ಗಳಿಗೆಗೆ ಕಾಯಬೇಕಿಲ್ಲ; ಎರಡರ ಡಿಎನ್ಎ ಹೋಲಿಸಿದರೆ ಸಾಕು. 2014ರಲ್ಲಿ ಚೆಕ್ ದೇಶದ ಮಿಖಾಲ್ ಮಾಸೆಕ್ ಮತ್ತು ಲಾಡಿಸ್ಲಾವ್ ಬೊಚಾಕ್ ಹೀಗೆಯೇ ಜೋಡಿಗಳನ್ನು ಹೊಂದಿಸಿದರು. ನಿಯಮದಂತೆ ಹಳೆಯ ಹೆಸರು ಪ್ಲಾಟೆರೊಡ್ರೈಲಸ್ ಉಳಿಯಿತು, ಡುಲಿಟಿಕೋಲ ಅದರಲ್ಲಿ ಸೇರಿಹೋಯಿತು.

ನನ್ನ ಮನಸ್ಸನ್ನು ಕಲಕುವುದು ಇನ್ನೊಂದು ವಿಚಾರ. ಹೆಣ್ಣು ಹಾರಲಾರದು. ಹುಟ್ಟಿದ ಕಾಡು ಬಿಟ್ಟು ದೂರ ಹೋಗಲಾರದು. ಹಾಗಾಗಿ ಒಂದೊಂದು ಬೆಟ್ಟದಲ್ಲಿ ಒಂದೊಂದು ಪ್ರಭೇದ ಇರಬಹುದು. ಆ ಬೆಟ್ಟದ ಮರ ಕಡಿದರೆ ಆ ಪ್ರಭೇದ ಹೆಸರು ಪಡೆಯುವ ಮೊದಲೇ ಹೋಗಿಬಿಡುತ್ತದೆ.

ಮಾಸೆಕ್, ಬೊಚಾಕ್ 2014ರಲ್ಲಿ ವರ್ಣಿಸಿದ ಹೊಸ ಪ್ರಭೇದಗಳಲ್ಲಿ ಒಂದರ ಹೆಸರು ಪ್ಲಾಟೆರೊಡ್ರೈಲಸ್ ವಾಂಗಿ. 1996ರ ಆ ವಾಂಗ್ ಅವರ ಹೆಸರು.