ತಿದ್ದುವ ಹೊಣೆ ಯಾರದು?



ನಮ್ಮ ತೆಕ್ಕಲಕೋಟೆಯ ಸೀಮೆಗೆ ಬರಹ ಹೊಸದಲ್ಲ. ಇಲ್ಲಿಗೆ ಹತ್ತಿರದ ನಿಟ್ಟೂರಿನಲ್ಲಿ ಅಶೋಕನ ಶಾಸನಗಳಿವೆ. ಅದೇ ಅಶೋಕ ತನ್ನ ಹದಿನಾಲ್ಕನೆಯ ಬಂಡೆಶಾಸನದಲ್ಲಿ, ಬರಹದಲ್ಲಿ ಕೊರತೆ ಕಂಡರೆ ಅದಕ್ಕೆ ಲಿಪಿಕಾರನ ತಪ್ಪೂ ಕಾರಣವಿರಬಹುದೆಂದು ಕೆತ್ತಿಸಿದ್ದಾನೆ. ಆದ್ದರಿಂದ ತಪ್ಪು ಬರೆಯುವುದನ್ನು ಮೊಬೈಲ್ ಕಾಲದ ಮಕ್ಕಳು ತಂದ ಪಿಡುಗೆಂದು ಹಳಿಯಬೇಕಿಲ್ಲ. ಹೊಸದೇನಿದ್ದರೂ ತಿದ್ದುವ ಹೊಣೆಯನ್ನು ಯಂತ್ರಕ್ಕೊಪ್ಪಿಸಿ ನಿಶ್ಚಿಂತರಾಗುವ ರೂಢಿ. ಸ್ಪೆಲ್ ಚೆಕ್ ಬೇಡವೆಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಅದು ನೆರವಾಗಬಲ್ಲದು, ಹೊಣೆ ಹೊರಲಾರದು.

ಸಾಮಾನ್ಯವಾಗಿ ಈ ತಂತ್ರಾಂಶ ನಾವು ಬರೆದ ಪದವನ್ನು ತನ್ನ ಪದಪಟ್ಟಿಯೊಡನೆ ತಾಳೆ ನೋಡಿ, ಸಿಗದಿದ್ದರೆ ಕೆಂಪು ಗೆರೆ ಎಳೆಯುತ್ತದೆ. ಕನ್ನಡದಲ್ಲಿ ‘ಮನೆ’ ಎಂಬ ಒಂದೇ ಪದ ಮನೆಗಳಿಗೂ, ಮನೆಯಲ್ಲಿದ್ದವರಿಂದಲೇ ಎಂದು ಬೆಳೆಯುತ್ತ ಹೋಗುತ್ತದೆ. ವಿಭಕ್ತಿ, ಸಂಧಿ, ಸಮಾಸಗಳಿಂದ ಹುಟ್ಟುವ ರೂಪಗಳನ್ನೆಲ್ಲ ಪಟ್ಟಿ ಮಾಡಿ ಮುಗಿಸಲಾಗದು. ಹೀಗಾಗಿ ಸರಿಯಾದ ಪದಕ್ಕೂ ಗೆರೆ ಬೀಳುತ್ತದೆ. ಹುಸಿ ಗೆರೆಗಳಿಗೆ ಒಗ್ಗಿಹೋದವರು ನಿಜವಾದ ತಪ್ಪಿನ ಗೆರೆಯನ್ನೂ ಲೆಕ್ಕಿಸುವುದಿಲ್ಲ. ಇದಕ್ಕಿಂತ ಅಪಾಯದ್ದು, ಗೆರೆಯೇ ಬೀಳದ ತಪ್ಪು. ಭತ್ತ ಬೆಳೆಯುವ ರೈತನ ಅರ್ಜಿಯಲ್ಲಿ ‘ಬೆಳೆ ಹಾನಿ’ ಹೋಗಿ ‘ಬೆಲೆ ಹಾನಿ’ ಆದರೆ ಯಂತ್ರ ಸುಮ್ಮನಿರುತ್ತದೆ, ಏಕೆಂದರೆ ಎರಡೂ ನಿಘಂಟಿನಲ್ಲಿರುವ ಪದಗಳೇ. ಪಹಣಿಯಲ್ಲಿ ಈರಣ್ಣ, ಆಧಾರ್‌ನಲ್ಲಿ ವೀರಣ್ಣ ಎಂದಿದ್ದರೂ ಅಷ್ಟೇ. ಎರಡೂ ಸರಿಯಾದ ಹೆಸರುಗಳು. ತಾಳೆಯಾಗಲಿಲ್ಲವೆಂದು ಕಚೇರಿಯಿಂದ ಕಚೇರಿಗೆ ಅಲೆಯುವವನು ಮಾತ್ರ ಒಬ್ಬನೇ.

ಕನ್ನಡ ನುಡಿದಂತೆ ಬರೆಯುವ ಭಾಷೆ, ಕಾಗುಣಿತ ಬಂದರೆ ಸಾಕಲ್ಲವೇ ಎಂದು ಕೇಳುವವರುಂಟು. ಯಾರು ನುಡಿದಂತೆ ಎಂಬುದೇ ಪ್ರಶ್ನೆ. ಈ ಗಡಿಸೀಮೆಯಲ್ಲಿ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡವನ್ನೇ ಆಡುವವರಲ್ಲೂ ಅನೇಕರ ಬಾಯಲ್ಲಿ ಮಹಾಪ್ರಾಣ ಕೇಳಿಸದು, ಶಕಾರ ಷಕಾರಗಳು ಬೇರೆಯಾಗವು. ಕೇಳಿಸದ ಅಕ್ಷರಗಳನ್ನೇ ಕೈಬಿಡೋಣ ಎಂದು ವಾದಿಸಿದ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರಿಗೆ ಕಲಿಯುವವರ ಹೊರೆ ಇಳಿಸುವ ನಿಜವಾದ ಕಾಳಜಿಯಿತ್ತು. ಆದರೆ ಆ ದಾರಿ ಹಿಡಿದರೂ ಬೆಲೆ, ಬೆಳೆಗಳ ಗೊಂದಲ ಉಳಿದೇ ಇರುತ್ತದೆ. ಹೊಸ ಬಗೆಯ ಯಂತ್ರ ವಾಕ್ಯದ ಸಂದರ್ಭ ನೋಡಿಯೇ ತಿದ್ದಬಲ್ಲದು ಎಂಬ ಮಾತನ್ನೂ ಒಪ್ಪೋಣ. ಆಗಲೂ ಅದು ಹೆಚ್ಚು ಬಳಕೆಯಲ್ಲಿರುವುದನ್ನು ಊಹಿಸುತ್ತದೆ. ಈರಣ್ಣ ವೀರಣ್ಣರಲ್ಲಿ ಹೊಲ ಯಾರದೆಂಬುದು ಬರೆದವರಿಗೆ, ಬರೆಸಿದವರಿಗೆ ಮಾತ್ರ ಗೊತ್ತು.

ಹಾಗೆಂದು ಕಾಗುಣಿತವನ್ನು ಬುದ್ಧಿಯ ಅಳತೆಗೋಲಾಗಿಸುವುದು ಸಲ್ಲದು. ಒತ್ತಕ್ಷರ ತಪ್ಪಿದ ಮಗುವನ್ನು ತರಗತಿಯಲ್ಲಿ ನಗೆಗೀಡು ಮಾಡಿದರೆ ಅದು ಬರೆಯುವುದನ್ನೇ ಬಿಟ್ಟೀತು. ಉಕ್ತಲೇಖನ ಇರಲಿ, ಅಂಕಕ್ಕಾಗಿ ಅಲ್ಲ, ಬರೆದದ್ದನ್ನು ಗಟ್ಟಿಯಾಗಿ ಓದಿ ಮಕ್ಕಳೇ ಪರಸ್ಪರ ತಿದ್ದಿಕೊಳ್ಳುವುದಕ್ಕಾಗಿ. ಡಿಟಿಪಿ ಅಂಗಡಿಗಳಲ್ಲಿ ಮುದ್ರಣಕ್ಕೆ ಮೊದಲು ಇನ್ನೊಬ್ಬರು ಕರಡು ನೋಡಲಿ. ಕಚೇರಿಗಳಲ್ಲಿ ಸಹಿ ಹಾಕಿಸಿಕೊಳ್ಳುವ ಮುನ್ನ ಅರ್ಜಿಯನ್ನು ಅರ್ಜಿದಾರರಿಗೆ ಓದಿ ಹೇಳಲಿ. 2014ರ ನವೆಂಬರ್ 1ರಂದು ನಮ್ಮ ಜಿಲ್ಲಾ ಕೇಂದ್ರ ಬಳ್ಳಾರಿಯ ಇಂಗ್ಲಿಷ್ ಹೆಸರನ್ನು ಕನ್ನಡದ ಉಚ್ಚಾರಕ್ಕೆ ತಕ್ಕಂತೆ ತಿದ್ದಿದ ಸರ್ಕಾರಕ್ಕೆ, ಪಹಣಿಯಲ್ಲಿರುವ ರೈತನ ಹೆಸರನ್ನು ಅಲೆದಾಡಿಸದೆ ತಿದ್ದಿಕೊಡುವುದು ಅಸಾಧ್ಯವಲ್ಲ. ಈ ಬೇಡಿಕೆಯನ್ನು ನಮ್ಮ ಈ ಸಮ್ಮೇಳನದ ನಿರ್ಣಯಗಳಲ್ಲಿ ಸೇರಿಸಬೇಕೆಂದು ತಮ್ಮೆಲ್ಲರಲ್ಲಿ ಕೋರುತ್ತೇನೆ.